ಕಾಣದ ಗೆರೆಯೂ ಮಾರುವವನ ಮಾತೂ

ಅಮೆರಿಕೆಯಲ್ಲಿ ನೆಲಸಿರುವ ನಮ್ಮ ವಾಚಕರೊಬ್ಬರು ಬರೆದ ಪತ್ರವೊಂದು ಕಳೆದ ತಿಂಗಳು ನಮ್ಮ ಕೈಸೇರಿತು. ಅವರ ಮಗನು ಕಾಲೇಜಿನಲ್ಲಿ ಓದುತ್ತಿರುವ ತರುಣ. ಬೇಸ್‌ಬಾಲ್ ಆಟಗಾರರ ಚಿತ್ರವುಳ್ಳ ಕಾರ್ಡುಗಳನ್ನು ಕೂಡಿಸಿಡುವುದು ಅವನಿಗೆ ಚಿಕ್ಕಂದಿನಿಂದ ಬಂದ ಹವ್ಯಾಸ. ಅವುಗಳಲ್ಲೊಂದನ್ನು ಅವನು ದರ್ಜೆ ನಿರ್ಣಯಿಸುವ ಕಂಪನಿಯೊಂದಕ್ಕೆ ಕಳುಹಿಸಲು, 10ಕ್ಕೆ 9 ಅಂಕ ಬಂದಿತು. ಮುಂದಿನ ಅವಧಿಯ ಶುಲ್ಕಕ್ಕೆ ಹಣ ಸಾಲದೆ ಅದನ್ನು ಮಾರಬೇಕೆಂದು ನಿಶ್ಚಯಿಸಿ, ಛಾಯಾಚಿತ್ರ ತೆಗೆಯುವುದಕ್ಕಾಗಿ ದೀಪದ ಕೆಳಗೆ ಓರೆಯಾಗಿ ಹಿಡಿದಾಗ, ಕೆಳಗಿನ ಎಡಮೂಲೆಯ ಬಳಿ ಕೂದಲೆಳೆಯಂತಹ ಮಡಿಕೆಯ ಗೆರೆಯೊಂದು ಕಣ್ಣಿಗೆ ಬಿದ್ದಿತು. ನೇರವಾಗಿ ನೋಡಿದರೆ ಅದು ಕಾಣದು. ಕಂಪನಿಯ ಪರೀಕ್ಷಕರಿಗೂ ಕಂಡಿರಲಿಲ್ಲ. 9ರ ಅಂಕದಿಂದ ಸಾವಿರದ ಇನ್ನೂರು ಡಾಲರು ಬರುವಂತಿದೆ. ಗೆರೆಯ ಸಂಗತಿ ತಿಳಿಸಿದರೆ ಇನ್ನೂರು ಹುಟ್ಟುವುದೂ ಕಷ್ಟ. "ಕಂಪನಿಯೇ 9 ಎಂದು ಮುದ್ರೆ ಹಾಕಿರುವಾಗ ನಾನೇಕೆ ಬಾಯಿಬಿಡಬೇಕು, ಅಪ್ಪಾ?" ಎಂದು ಮಗನು ಕೇಳುತ್ತಾನೆ. "ಏನೆಂದು ಉತ್ತರ ಹೇಳಲಿ?" ಎಂದು ತಂದೆಯು ನಮ್ಮನ್ನು ಕೇಳುತ್ತಾರೆ.

ಆಟದ ಕಾರ್ಡಿನ ವ್ಯಾಪಾರಕ್ಕೆ ಈ ಪುಟಗಳಲ್ಲಿ ಏನು ಕೆಲಸವೆಂದು ಕೆಲವರಿಗೆ ತೋರಬಹುದು. ನುಡಿಯೊಂದು ನಡೆಯೊಂದು ಆಗುವ ಸಂದರ್ಭಗಳನ್ನು ವಿಚಾರಿಸುವುದೇ ಈ ಪುಟಗಳ ಉದ್ದೇಶವಾಗಿರುವಲ್ಲಿ, ನುಡಿಯೇ ಇಲ್ಲದೆ, ಬರಿಯ ಮೌನದಿಂದಲೇ ಒಬ್ಬನು ಇನ್ನೊಬ್ಬನನ್ನು ವಂಚಿಸಬಲ್ಲನೇ ಎಂಬ ಪ್ರಶ್ನೆಯು ಹೊರಗಿನದಾಗಲಾರದು. ಮೊದಲು ಈ ವ್ಯಾಪಾರದ ಸ್ವರೂಪವನ್ನು ತಿಳಿದುಕೊಳ್ಳೋಣ.

ಈಗಿನ ಕಾರ್ಡುಗಳು ಸಾಮಾನ್ಯವಾಗಿ ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದದ ರಟ್ಟಿನ ತುಂಡುಗಳು. ಇವುಗಳ ಬೆಲೆಯು ಚಿತ್ರದಲ್ಲಿರುವವನ ಕೀರ್ತಿಯನ್ನೂ, ಉಳಿದಿರುವ ಪ್ರತಿಗಳ ವಿರಳತೆಯನ್ನೂ, ಎಲ್ಲಕ್ಕಿಂತ ಹೆಚ್ಚಾಗಿ ಕಾರ್ಡಿನ ಸ್ಥಿತಿಯನ್ನೂ ಅವಲಂಬಿಸಿದೆ. ಹಿಂದೆ ಆ ಸ್ಥಿತಿಯನ್ನು ಮಾರುವವನೇ ಬಾಯಲ್ಲಿ ವರ್ಣಿಸುತ್ತಿದ್ದನು. ತನ್ನ ಮೊಸರು ಹುಳಿಯೆಂದು ಯಾರು ಹೇಳಿಯಾರು? ಆದುದರಿಂದ ಜಗಳಗಳಿಗೆ ಕೊನೆಯಿರಲಿಲ್ಲ. 1991ರಲ್ಲಿ ಪಿಎಸ್ಎ ಎಂಬ ಸಂಸ್ಥೆಯೂ, 1998ರಲ್ಲಿ ಎಸ್‌ಜಿಸಿಯೂ, 1999ರಲ್ಲಿ ಬೆಕೆಟ್ ಸಂಸ್ಥೆಯ ದರ್ಜೆ ವಿಭಾಗವೂ ಹುಟ್ಟಿಕೊಂಡವು. ಶುಲ್ಕ ತೆತ್ತು ಕಾರ್ಡನ್ನು ಕಳುಹಿಸಿದರೆ, ಮಾರುವವನೂ ಅಲ್ಲದ ಕೊಳ್ಳುವವನೂ ಅಲ್ಲದ ಮೂರನೆಯವನೊಬ್ಬನು ಅದನ್ನು ಪರೀಕ್ಷಿಸಿ, ಅಂಕ ಕೊಟ್ಟು, ಗಡುಸಾದ ಪಾರದರ್ಶಕ ಪ್ಲಾಸ್ಟಿಕ್ ಕವಚದೊಳಗೆ ಭದ್ರಪಡಿಸಿ, ಕ್ರಮಸಂಖ್ಯೆಯ ಚೀಟಿಯೊಡನೆ ಹಿಂದಿರುಗಿಸುತ್ತಾನೆ. ಈ ಕವಚಕ್ಕೆ ಅಲ್ಲಿ 'ಸ್ಲ್ಯಾಬ್' ಎಂದು ಹೆಸರು.

ಪರೀಕ್ಷಕರು ನೋಡುವುದು ಮುಖ್ಯವಾಗಿ ನಾಲ್ಕು ಅಂಶಗಳನ್ನು: ಚಿತ್ರವು ಅಂಚುಗಳ ನಡುವೆ ಸಮನಾಗಿ ಕುಳಿತಿದೆಯೇ, ಮೂಲೆಗಳು ಚೂಪಾಗಿವೆಯೇ, ಅಂಚುಗಳಲ್ಲಿ ಬಿಳಿ ಎದ್ದಿದೆಯೇ, ಮೈಮೇಲೆ ಗೀರು, ಕಲೆ, ತಗ್ಗು, ಮಡಿಕೆಗಳಿವೆಯೇ ಎಂಬುವನ್ನು. ಪಿಎಸ್ಎಯ ವಿವರಣೆಯಂತೆ 9 ಅಂಕದ ಕಾರ್ಡಿಗೆ ಹಿಂಬದಿಯಲ್ಲಿ ಅತಿ ಸಣ್ಣ ಮೇಣದ ಕಲೆ, ಅಲ್ಪವಾದ ಮುದ್ರಣದೋಷ, ಅಥವಾ ತುಸು ಮಾಸಿದ ಅಂಚು, ಇಂತಹವುಗಳಲ್ಲಿ ಒಂದು ಮಾತ್ರ ಇರಬಹುದು. ಹಗುರವಾದ ಮಡಿಕೆಯೊಂದು ಕಾಣಬಹುದೆಂಬ ಮಾತು ಬರುವುದು 4ನೆಯ ಅಂಕದ ವಿವರಣೆಯಲ್ಲಿ. ನಮ್ಮ ತರುಣನ ಕಾರ್ಡಿಗೆ ಅಂಕ ಕೊಟ್ಟುದು ಯಾವ ಕಂಪನಿಯೇ ಆಗಲಿ, ಮಡಿಕೆ ಬಿದ್ದ ಕಾರ್ಡು 9 ಆಗುವುದನ್ನು ಈ ವ್ಯಾಪಾರ ಬಲ್ಲವರು ಯಾರೂ ಒಪ್ಪುವುದಿಲ್ಲ. ಅವನ ಕವಚದ ಮೇಲಿನ ಅಂಕಕ್ಕೂ ಒಳಗಿನ ಪದಾರ್ಥಕ್ಕೂ ನಡುವೆ ಇರುವುದು ಕೂದಲೆಳೆಯ ಅಂತರವಲ್ಲ. ಐದು ಮೆಟ್ಟಿಲುಗಳ ಅಂತರ.

ಮೆಟ್ಟಿಲಿನ ಬೆಲೆಯೇನೆಂಬುದಕ್ಕೆ ಒಂದು ನಿದರ್ಶನ ಸಾಕು. 1952ರಲ್ಲಿ ಟಾಪ್ಸ್ ಕಂಪನಿಯು ಹೊರಡಿಸಿದ ಮಿಕಿ ಮ್ಯಾಂಟಲ್‌ನ ಕಾರ್ಡುಗಳಲ್ಲಿ 9 ಅಂಕದ ಪ್ರತಿಯೊಂದು 2021ರ ಜನವರಿಯಲ್ಲಿ 52 ಲಕ್ಷ ಡಾಲರಿಗೆ ಮಾರಿತು, 9.5 ಅಂಕದ ಪ್ರತಿಯೊಂದು 2022ರ ಆಗಸ್ಟಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಅಂಕ ಕೊಟ್ಟ ಸಂಸ್ಥೆಗಳು ಬೇರೆ, ಕಾಲವೂ ಬೇರೆ ಎಂಬುದು ನಿಜ. ಆದರೂ ಅರ್ಧ ಅಂಕದ ಮೇಲೆ ಎಷ್ಟು ಭಾರ ಬೀಳುತ್ತದೆಂಬುದನ್ನು ಇದರಿಂದ ಊಹಿಸಬಹುದು. ಅಷ್ಟು ಭಾರ ಬೀಳುವಲ್ಲಿ ಮನುಷ್ಯನ ಮನಸ್ಸು ಬಾಗದೆ ಇರುವುದು ಸುಲಭವಲ್ಲ.

ಈಗ ಮಗನ ಪ್ರಶ್ನೆಗೆ ಬರೋಣ. ಅವನ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ದರ್ಜೆ ಕಟ್ಟುವ ಕಂಪನಿಗಳು ಹುಟ್ಟಿದ್ದೇ ಮಾರುವವನ ಮಾತನ್ನು ನಂಬಬೇಕಾದ ಅಗತ್ಯವನ್ನು ಹೋಗಲಾಡಿಸುವುದಕ್ಕಾಗಿ. ಹಾಗಿರುವಲ್ಲಿ ಮಾರುವವನು ಸುಮ್ಮನಿದ್ದರೆ ದೋಷವೇನು? ಅವನು ಸುಳ್ಳಾಡಲಿಲ್ಲ. ಚೀಟಿಯಲ್ಲಿ ಬರೆದುದನ್ನೇ ಮಾರಿದನು. ಮೇಲ್ನೋಟಕ್ಕೆ ಗಟ್ಟಿಯಾಗಿ ತೋರುವ ಈ ವಾದವು ಎಲ್ಲಿ ಸಡಿಲವಾಗುತ್ತದೆಂಬುದನ್ನು ತಿಳಿಯಲು, ಇದೇ ವ್ಯಾಪಾರದ ಅತ್ಯಂತ ಹೆಸರಾದ ಕಾರ್ಡಿನ ಚರಿತ್ರೆಯನ್ನು ನೋಡಬೇಕು.

1909ರಿಂದ 1911ರ ವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿಯು ಸಿಗರೇಟಿನ ಪೊಟ್ಟಣಗಳೊಳಗೆ ಬೇಸ್‌ಬಾಲ್ ಆಟಗಾರರ ಕಾರ್ಡುಗಳನ್ನಿಟ್ಟು ಹಂಚುತ್ತಿತ್ತು. ಸಂಗ್ರಾಹಕರು ಆ ಮಾಲೆಯನ್ನು ಟಿ206 ಎಂದು ಕರೆಯುತ್ತಾರೆ. ಅದರಲ್ಲಿ ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರ್ ಎಂಬ ಮಹಾ ಆಟಗಾರನ ಕಾರ್ಡಿನ ಮುದ್ರಣವು ಬೇಗನೆ ನಿಂತುಹೋಯಿತು. ಮಕ್ಕಳು ತನ್ನ ಚಿತ್ರಕ್ಕಾಗಿ ಸಿಗರೇಟು ಕೊಳ್ಳುವುದು ಅವನಿಗೆ ಇಷ್ಟವಿರಲಿಲ್ಲವೆಂದು ಕೆಲವರೂ, ತನಗೆ ತಕ್ಕ ಹಣ ಬರಲಿಲ್ಲವೆಂದು ಅವನು ತಡೆದನೆಂದು ಕೆಲವರೂ ಹೇಳುತ್ತಾರೆ. ಕಾರಣ ಯಾವುದಾದರೂ, ಇಂದು ಉಳಿದಿರುವ ಪ್ರತಿಗಳು ಸುಮಾರು 50-60 ಮಾತ್ರ.

ಅವುಗಳಲ್ಲೊಂದನ್ನು ಬಿಲ್ ಮ್ಯಾಸ್ಟ್ರೊ ಎಂಬ ವ್ಯಾಪಾರಿಯು 1985ರಲ್ಲಿ ನ್ಯೂಯಾರ್ಕಿನ ಹಿಕ್ಸ್‌ವಿಲ್ ಎಂಬಲ್ಲಿ 25,000 ಡಾಲರಿಗೆ ಕೊಂಡನು. 1987ರಲ್ಲಿ 1,10,000 ಡಾಲರಿಗೆ ಮಾರಿದನು. 1991ರಲ್ಲಿ ಅದು ಸದಬೀಸ್ ಹರಾಜಿನಲ್ಲಿ 4,51,000 ಡಾಲರಿಗೆ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿಗೂ ಅವನ ಪಾಲುದಾರನಿಗೂ ಸೇರಿತು. ಅದೇ ವರ್ಷ ಹುಟ್ಟಿದ ಪಿಎಸ್ಎಯು ತನ್ನ ಮೊತ್ತಮೊದಲ ಕ್ರಮಸಂಖ್ಯೆಯನ್ನು ಈ ಕಾರ್ಡಿಗೆ ನೀಡಿ, 8 ಅಂಕವನ್ನು ಕೊಟ್ಟಿತು. ಎಂಬತ್ತು ವರ್ಷ ಹಳೆಯದಾದ ಸಿಗರೇಟು ಕಾರ್ಡಿಗೆ ಅಷ್ಟು ಚೂಪಾದ ಮೂಲೆಗಳು ಹೇಗೆ ಉಳಿದವೆಂದು ಬಲ್ಲವರು ಪಿಸುಗುಟ್ಟಿಕೊಳ್ಳದೆ ಇರಲಿಲ್ಲ. ಆದರೆ ಚೀಟಿಯ ಮೇಲೆ 8 ಎಂದಿತ್ತು. 1995ರಲ್ಲಿ ವಾಲ್‌ಮಾರ್ಟ್ ಅಂಗಡಿಗಳವರು ಅದನ್ನು 5,00,000 ಡಾಲರಿಗೆ ಕೊಂಡು ಬಹುಮಾನವಾಗಿ ಇಟ್ಟರು. ಫ್ಲಾರಿಡದ ಅಂಚೆ ನೌಕರಳೊಬ್ಬಳಿಗೆ ಆ ಬಹುಮಾನ ಒಲಿಯಿತು. ಅದರ ಮೇಲಿನ ತೆರಿಗೆ ಕಟ್ಟಲಾರದೆ ಆಕೆಯು ಮಾರಬೇಕಾಯಿತು. 1996ರಲ್ಲಿ 6,41,500 ಡಾಲರು, 2000ದಲ್ಲಿ ಹನ್ನೆರಡೂವರೆ ಲಕ್ಷಕ್ಕೂ ಮಿಗಿಲು, 2007ರಲ್ಲಿ ಮೊದಲು 23.5 ಲಕ್ಷ, ಅದೇ ವರ್ಷ ಮತ್ತೆ 28 ಲಕ್ಷ. ಹೀಗೆ ಕೈಯಿಂದ ಕೈಗೆ ಬೆಲೆ ಏರುತ್ತ ಹೋಯಿತು.

2013ರ ಅಕ್ಟೋಬರಿನಲ್ಲಿ ಶಿಕಾಗೊ ನಗರದ ನ್ಯಾಯಾಲಯದಲ್ಲಿ, ತನ್ನ ಹರಾಜು ಸಂಸ್ಥೆಯಲ್ಲಿ ಸುಳ್ಳು ಕೂಗುಗಳಿಂದ ಬೆಲೆ ಏರಿಸಿದ ವಂಚನೆಯ ಮೊಕದ್ದಮೆಯಲ್ಲಿ, ಮ್ಯಾಸ್ಟ್ರೊ ತಪ್ಪೊಪ್ಪಿಕೊಂಡನು. ಅದರ ಜೊತೆಗೆ ವ್ಯಾಗ್ನರನ ಆ ಕಾರ್ಡಿನ ಪಕ್ಕದ ಅಂಚುಗಳನ್ನು ತಾನೇ ಕತ್ತರಿಸಿ ನೇರ್ಪುಗೊಳಿಸಿದ್ದೆನೆಂದೂ, ಮಾರುವಾಗ ಆ ಸಂಗತಿಯನ್ನು ತಿಳಿಸಿರಲಿಲ್ಲವೆಂದೂ ಒಪ್ಪಿಕೊಂಡನು. 2015ರಲ್ಲಿ ಅವನಿಗೆ 20 ತಿಂಗಳ ಸೆರೆಮನೆಯ ಶಿಕ್ಷೆಯಾಯಿತು.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಗ್ರೆಟ್ಸ್‌ಕಿಯೂ, ಅಂಚೆ ನೌಕರಳೂ, ಅನಂತರ ಕೊಂಡು ಮಾರಿದ ಉಳಿದವರೂ ಚೀಟಿಯಲ್ಲಿದ್ದುದನ್ನೇ ಮಾರಿದರು. ಮ್ಯಾಸ್ಟ್ರೊ ಮಾರಿದಾಗ ಚೀಟಿಯೇ ಇರಲಿಲ್ಲ. ಹಾಗಾದರೆ ಚೀಟಿ ಇದ್ದವರು ಒಳ್ಳೆಯವರು, ಇಲ್ಲದವನು ಕೆಟ್ಟವನು ಎನ್ನೋಣವೆ? ಹಾಗಲ್ಲ. ಅವರಿಗೆ ಕತ್ತರಿಯ ಸಂಗತಿ ಗೊತ್ತಿರಲಿಲ್ಲ, ಇವನಿಗೆ ಗೊತ್ತಿತ್ತು. ಭೇದವಿರುವುದು ಚೀಟಿಯಲ್ಲಲ್ಲ, ತಿಳಿವಿನಲ್ಲಿ. ಕಂಪನಿಯ ಅಂಕವು ಅದರ ಪರೀಕ್ಷಕನು ಆ ದಿನ ಆ ದೀಪದ ಕೆಳಗೆ ಕಂಡುದರ ಮೇಲಿನ ಅಭಿಪ್ರಾಯ. ಅವನು ಕಾಣದುದನ್ನು ನಾವು ಕಂಡಮೇಲೆ ಆ ಅಭಿಪ್ರಾಯವನ್ನು ಮುಂದೊಡ್ಡಿ ಮಾರುವುದೆಂದರೆ, ಸುಳ್ಳೆಂದು ನಾವು ಬಲ್ಲ ಮಾತನ್ನು ಪರರ ಬಾಯಿಂದ ಆಡಿಸಿದಂತೆಯೇ ಆಗುತ್ತದೆ.

ಮೌನವು ಸುಳ್ಳಾದೀತೇ ಎಂಬ ಚರ್ಚೆಯು ಬಹಳ ಹಳೆಯದು. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ತನ್ನ ಮಗನಿಗಾಗಿ ಕರ್ತವ್ಯಗಳನ್ನು ಕುರಿತು ಒಂದು ಗ್ರಂಥ ಬರೆದನು. ಅದರ ಮೂರನೆಯ ಭಾಗದಲ್ಲಿ ಒಂದು ಮನೆಯ ಮಾರಾಟದ ಪ್ರಸಂಗವಿದೆ. ಮನೆಯು ಆರೋಗ್ಯಕ್ಕೆ ಕೆಟ್ಟದ್ದು, ಮಲಗುವ ಕೋಣೆಗಳಲ್ಲಿ ಹಾವುಗಳು ಹೊರಡುತ್ತವೆ, ಮರಮುಟ್ಟು ಗಟ್ಟಿಯಿಲ್ಲ. ಇದೆಲ್ಲ ಒಡೆಯನೊಬ್ಬನಿಗೇ ಗೊತ್ತು. ಹೇಳಲೇಬೇಕೆಂದು ಆಂಟಿಪೇಟರನ ಪಕ್ಷ. ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ ಎಂದು ಬ್ಯಾಬಿಲೋನಿನ ಡಯೋಜನೀಸನ ಪಕ್ಷ. ಸಿಸೆರೊ ಇಬ್ಬರ ಮಾತನ್ನೂ ತೂಗಿ, ಬರಿದೆ ಸುಮ್ಮನಿರುವುದೆಲ್ಲ ಮರೆಮಾಚುವಿಕೆಯಲ್ಲ. ಆದರೆ ತಿಳಿದರೆ ಇನ್ನೊಬ್ಬನಿಗೆ ಹಿತವಾಗುವುದನ್ನು ತನ್ನ ಲಾಭಕ್ಕಾಗಿ ಅವನಿಗೆ ತಿಳಿಯಗೊಡದಿರುವುದು ಮರೆಮಾಚುವಿಕೆಯೇ ಎಂದು ನಿರ್ಣಯಿಸುತ್ತಾನೆ. ನಮ್ಮ ತರುಣನ ಪ್ರಶ್ನೆಗೆ ಇಷ್ಟು ನೇರವಾಗಿ ಹೊಂದುವ ಉತ್ತರವು ಎರಡು ಸಾವಿರ ವರ್ಷಗಳ ಹಿಂದೆಯೇ ಸಿದ್ಧವಾಗಿತ್ತು!

ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸನು ಇದನ್ನು ಇನ್ನಷ್ಟು ಸೂಕ್ಷ್ಮವಾಗಿ ವಿಂಗಡಿಸುತ್ತಾನೆ. ಮಾರುವ ಕುದುರೆಗೆ ಒಂದೇ ಕಣ್ಣಿದ್ದರೆ ಆ ದೋಷವು ಎಲ್ಲರ ಕಣ್ಣಿಗೂ ಬೀಳುವಂತಹುದು. ಅದಕ್ಕೆ ತಕ್ಕಂತೆ ಬೆಲೆಯನ್ನು ಇಳಿಸಿದ್ದರೆ ಬಾಯಿಬಿಟ್ಟು ಸಾರಬೇಕಾಗಿಲ್ಲ. ದೋಷವು ಮರೆಯಲ್ಲಿದ್ದು ಕೊಳ್ಳುವವನಿಗೆ ನಷ್ಟವಾಗುವಂತಿದ್ದರೆ ಹೇಳಲೇಬೇಕು. ನಮ್ಮ ದನದ ಜಾತ್ರೆಗಳಲ್ಲಿ ಕೊಳ್ಳುವವನೇ ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಅಲ್ಲಿ ಕಣ್ಣು ಅವನದು. ಆದರೆ ಸಾವಿರ ಮೈಲಿಯಾಚೆ ಛಾಯಾಚಿತ್ರವನ್ನು ಮಾತ್ರ ನೋಡಿ ಹಣ ಕಳುಹಿಸುವವನಿಗೆ ಮಾರುವವನು ತೋರಿಸಿದಷ್ಟೇ ಕಣ್ಣು. ಪ್ಲಾಸ್ಟಿಕ್ ಕವಚದ ಹೊಳಪಿನಲ್ಲಿ ಮೈಮೇಲಿನ ಗೆರೆಯು ಚಿತ್ರಕ್ಕೆ ಸಿಕ್ಕುವುದೇ ಕಡಿಮೆ. ಆದುದರಿಂದ "ಚಿತ್ರ ಹಾಕಿದ್ದೇನೆ, ನೋಡಿಕೊಂಡು ಕೊಳ್ಳಲಿ" ಎಂಬ ಮಾತಿಗೆ ಇಲ್ಲಿ ಬಲವಿಲ್ಲ.

ಕಾನೂನು ಇಷ್ಟು ದೂರ ಬರುವುದಿಲ್ಲವೆಂಬುದನ್ನು ಒಪ್ಪಬೇಕು. ನಮ್ಮ ದೇಶದ 1872ರ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ ಇದೇ ಕುದುರೆಯ ದೃಷ್ಟಾಂತವಿದೆ. ಕುದುರೆಯ ರೋಗವನ್ನು ಬಲ್ಲವನು ಹರಾಜಿನಲ್ಲಿ ಸುಮ್ಮನಿದ್ದು ಮಾರಿದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ವಯಸ್ಸಿಗೆ ಬಂದ ಅವನ ಮಗಳೇ ಆಗಿದ್ದರೆ, ಹೇಳುವ ಹೊಣೆ ಅವನ ಮೇಲಿದೆ. ಕೊಳ್ಳುವವನು "ನೀನು ಇಲ್ಲವೆನ್ನದಿದ್ದರೆ ಕುದುರೆ ನೆಟ್ಟಗಿದೆಯೆಂದು ತಿಳಿಯುತ್ತೇನೆ" ಎಂದಮೇಲೆ ಸುಮ್ಮನಿದ್ದರೆ, ಆ ಮೌನವು ಮಾತಿಗೆ ಸಮ. ಅಮೆರಿಕೆಯ ವಾಣಿಜ್ಯ ಸಂಹಿತೆಯಲ್ಲಿಯೂ ವ್ಯಾಪಾರಕ್ಕೆ ಆಧಾರವಾದ ವರ್ಣನೆಯು ಮಾರುವವನು ಕೊಟ್ಟ ಭರವಸೆಯೆಂದೇ ಗಣನೆಗೆ ಬರುತ್ತದೆ. ಕಾನೂನು ಮಗಳಿಗೆ ಕೊಟ್ಟ ರಕ್ಷಣೆಯನ್ನು ನಾವು ಅಪರಿಚಿತನಿಗೂ ಕೊಡಬೇಕೆ ಎಂಬುದು ನಮ್ಮ ಮನಸ್ಸಾಕ್ಷಿಗೆ ಬಿಟ್ಟ ವಿಷಯ. ಪತ್ರ ಬರೆದ ತಂದೆಯು ಆ ಕಾರ್ಡನ್ನು ತಮ್ಮ ಮಗನೇ ಇನ್ನೊಬ್ಬರಿಂದ ಕೊಳ್ಳುವನೆಂದು ಭಾವಿಸಿಕೊಂಡು ನೋಡಲಿ.

ಇಲ್ಲಿ ಇನ್ನೊಂದು ಶಂಕೆ ಏಳುತ್ತದೆ. ಲೋಕದಲ್ಲಿ ನಿರ್ದೋಷವಾದ ಕಾರ್ಡೇ ಇಲ್ಲ. ಕಂಡ ಚುಕ್ಕೆಯನ್ನೆಲ್ಲ ಬರೆಯುತ್ತ ಕುಳಿತರೆ ವ್ಯಾಪಾರ ನಡೆಯುವುದು ಹೇಗೆ? ಶಂಕೆಯು ನ್ಯಾಯವಾದುದೇ. 8 ಅಂಕದ ಕಾರ್ಡಿನ ಒಂದು ಮೂಲೆ ತುಸು ನವೆದಿದ್ದರೆ ಅದು ಆ ಅಂಕದೊಳಗೇ ಅಡಕವಾಗಿದೆ. ಕೊಳ್ಳುವವನು ಅದಕ್ಕೆ ಸಿದ್ಧನಾಗಿಯೇ ಬಂದಿರುತ್ತಾನೆ. ಹೇಳಲೇಬೇಕಾದುದು ಅಂಕದ ವಿವರಣೆಗೆ ಹೊರತಾದ ದೋಷವನ್ನು. ಅದರ ಜೊತೆಗೆ ಕವಚವು ಬಿರುಕು ಬಿಟ್ಟಿದ್ದರೆ, ಗೀರು ಬಿದ್ದಿದ್ದರೆ, ಆ ಗೀರು ಕಾರ್ಡಿನ ಮೇಲಿದೆಯೋ ಕವಚದ ಮೇಲಿದೆಯೋ ಎಂಬುದನ್ನೂ ಹೇಳುವುದು ಲೇಸು. ಕಾರ್ಡಿಗೆ ಮನುಷ್ಯನ ಕೈ ತಗುಲಿದ್ದರಂತೂ, ಎಂದರೆ ಅಂಚು ಕತ್ತರಿಸುವುದು, ಬಣ್ಣ ತುಂಬುವುದು, ರಾಸಾಯನಿಕದಿಂದ ಕಲೆ ತೆಗೆಯುವುದು, ಮಡಿಕೆಯನ್ನು ಒತ್ತಿ ಅಡಗಿಸುವುದು ಇವುಗಳಲ್ಲಿ ಯಾವುದನ್ನು ಬಲ್ಲವನಾದರೂ ಅದನ್ನು ಮುಚ್ಚಿಡುವಂತಿಲ್ಲ. ಹಳೆಯ ಅಂಟುಪುಸ್ತಕದಿಂದ ಬರಿಯ ನೀರಿನಲ್ಲಿ ನೆನೆಸಿ ಬಿಡಿಸುವುದನ್ನು ಬಹುಮಂದಿ ಸಂಗ್ರಾಹಕರು ದೋಷವೆಂದು ಎಣಿಸುವುದಿಲ್ಲ. ನಮ್ಮ ಮತದಲ್ಲಿ ಅದನ್ನೂ ಒಂದು ಸಾಲಿನಲ್ಲಿ ಹೇಳಿಬಿಡುವುದರಿಂದ ಹೋಗುವುದೇನೂ ಇಲ್ಲ.

ಮುಚ್ಚಿಡುವುದಕ್ಕೆ ನಾಜೂಕಾದ ದಾರಿಗಳೂ ಇವೆ. "ನಾನು ಪರಿಣತನಲ್ಲ, ಚಿತ್ರವೇ ವರ್ಣನೆ" ಎಂದು ಬರೆಯುವುದು ಒಂದು. ಗೆರೆಯನ್ನು ಬಲ್ಲವನು ಈ ವಾಕ್ಯವನ್ನು ಬರೆದರೆ ಅದು ವಿನಯವಲ್ಲ, ತೆರೆ. ಹತ್ತು ಕ್ಷುಲ್ಲಕ ದೋಷಗಳನ್ನು ಉದ್ದಕ್ಕೆ ಬರೆದು ನಡುವೆ ಮಡಿಕೆಯನ್ನು ತೂರಿಸಿಬಿಡುವುದು ಇನ್ನೊಂದು. ಇವೆರಡಕ್ಕಿಂತ ಕಪಟವಾದುದು ಮೂರನೆಯದು: ಎಲ್ಲಿ ಗೆರೆ ಕಂಡುಬಿಡುವುದೋ ಎಂಬ ಭಯದಿಂದ ಕಾರ್ಡನ್ನು ದೀಪಕ್ಕೆ ಓರೆಯಾಗಿ ಹಿಡಿಯದೆಯೇ ಇರುವುದು. ತಿಳಿಯದಿರಲೆಂದು ಕಣ್ಣು ಮುಚ್ಚಿಕೊಂಡವನ ಅಜ್ಞಾನಕ್ಕೂ ಅಂಚೆ ನೌಕರಳ ಅಜ್ಞಾನಕ್ಕೂ ಹೋಲಿಕೆಯಿಲ್ಲ.

ದೋಷವು ಎಂದೆಂದಿಗೂ ಮುಚ್ಚಿಯೇ ಇರುವುದೆಂಬ ಭರವಸೆಯೂ ಈಗ ಉಳಿದಿಲ್ಲ. 2019ರಲ್ಲಿ ಕೆಲವು ಸಂಗ್ರಾಹಕರು ಹಳೆಯ ಹರಾಜುಗಳ ಛಾಯಾಚಿತ್ರಗಳನ್ನು, ಅನಂತರ ಹೆಚ್ಚಿನ ಅಂಕದ ಕವಚಗಳಲ್ಲಿ ಕಾಣಿಸಿಕೊಂಡ ಕಾರ್ಡುಗಳೊಡನೆ ಹೋಲಿಸಿ ನೋಡಿದರು. ಮುದ್ರಣದ ಚುಕ್ಕೆ, ಸಣ್ಣ ಕಲೆ ಇವು ಬೆರಳಚ್ಚಿನಂತೆ ಪ್ರತಿಯೊಂದು ಕಾರ್ಡನ್ನೂ ಗುರುತಿಸಿಕೊಟ್ಟವು. ಅಂಚು ಕತ್ತರಿಸಿದ ಕಾರ್ಡುಗಳು ನೂರಾರು ಸಂಖ್ಯೆಯಲ್ಲಿ ಹೊರಬಿದ್ದವು. ಆದರೆ ಸಿಕ್ಕಿಬೀಳುವ ಭಯದಿಂದ ನಿಜ ಹೇಳೆಂದು ಆ ಹುಡುಗನಿಗೆ ಉಪದೇಶಿಸಲು ನಮಗೆ ಮನಸ್ಸಿಲ್ಲ. ಸಿಕ್ಕಿಬೀಳುವುದಿಲ್ಲವೆಂದು ಖಚಿತವಾದ ದಿನ ಆ ಉಪದೇಶವು ಏನಾಗಬೇಕು?

ಅವನ ನಷ್ಟದ ಮಾತನ್ನಾದರೂ ಮರೆಯುವಂತಿಲ್ಲ. ಸಾವಿರ ಡಾಲರು ಓದುವ ಹುಡುಗನಿಗೆ ಸಣ್ಣ ಮೊತ್ತವಲ್ಲ. ತಪ್ಪು ಮಾಡಿದವರು ಪರೀಕ್ಷಕರು, ನಷ್ಟ ಇವನಿಗೇಕೆ ಎಂದರೆ, ಆ ನಷ್ಟವನ್ನು ಪರೀಕ್ಷಕರಲ್ಲಿಯೇ ಕೇಳಬೇಕಲ್ಲದೆ ಗುರುತುಪರಿಚಯವಿಲ್ಲದ ಕೊಳ್ಳುವವನ ಜೇಬಿನಿಂದ ತೆಗೆಯುವುದು ಯಾವ ನ್ಯಾಯ? ಪಿಎಸ್ಎಯಂತಹ ಸಂಸ್ಥೆಗಳು ತಾವು ಕೊಟ್ಟ ಅಂಕವು ಹೆಚ್ಚಾಯಿತೆಂದು ಮರುಪರೀಕ್ಷೆಯಲ್ಲಿ ಕಂಡುಬಂದರೆ ಕೆಲವು ನಿಬಂಧನೆಗಳಿಗೆ ಒಳಪಟ್ಟು ಪರಿಹಾರ ಕೊಡುವ ಭರವಸೆಯನ್ನು ಪ್ರಕಟಿಸಿವೆ. ತನಗೆ ಅಂಕ ಕೊಟ್ಟ ಕಂಪನಿಗೂ ಅಂತಹ ನಿಯಮವಿದೆಯೇ, ಕಾರ್ಡನ್ನು ತಾನೇ ಕಳುಹಿಸಿದವನಿಗೂ ಅದು ಅನ್ವಯಿಸುವುದೇ ಎಂಬುದನ್ನು ಅವನು ಮೊದಲು ಬರೆದು ಕೇಳಬೇಕು. ಹಣ ಬಾರದೆ ಹೋದರೂ ಅಂಕವಾದರೂ ಸರಿಯಾದೀತು. ಕಡಿಮೆ ಅಂಕವೇ ಸರ್ವನಾಶವೆಂದು ತಿಳಿಯಬೇಕಾಗಿಯೂ ಇಲ್ಲ. ವ್ಯಾಗ್ನರನ ಕಾರ್ಡಿನ ಇನ್ನೊಂದು ಪ್ರತಿಯು, 3 ಅಂಕದ ಸವೆದ ಕಾರ್ಡಾಗಿಯೇ, 2021ರ ಆಗಸ್ಟಿನಲ್ಲಿ 66 ಲಕ್ಷ ಡಾಲರಿಗೆ ಮಾರಿತು. ಎಲ್ಲ ಕಾರ್ಡುಗಳೂ ವ್ಯಾಗ್ನರನವಲ್ಲ, ನಿಜ. ನಮ್ಮ ಹುಡುಗನಿಗೆ ಇನ್ನೂರೇ ಬರಬಹುದು.

ಈ ವಿಚಾರಗಳನ್ನೆಲ್ಲ ತಂದೆಗೆ ಬರೆದೆವು. ಮೂರು ವಾರಗಳ ಮೇಲೆ ಅವರಿಂದ ಮರುಪತ್ರ ಬಂದಿತು. ಕಂಪನಿಯವರು ಮರುಪರೀಕ್ಷೆಗೆ ಒಪ್ಪಿದರಾದರೂ ಅದಕ್ಕೆ ತಿಂಗಳುಗಳು ಹಿಡಿಯುವುವಂತೆ. ಶುಲ್ಕದ ಗಡುವು ಅಷ್ಟು ದಿನ ಕಾಯದು. ಆದುದರಿಂದ ಮಗನು ಹಾಗೆಯೇ ಮಾರಲು ನಿಶ್ಚಯಿಸಿ, ವರ್ಣನೆಯನ್ನು ತಾನೇ ಬರೆದು ತಂದೆಗೆ ತೋರಿಸಿದನಂತೆ. ಮೊದಲನೆಯ ಕರಡಿನಲ್ಲಿ "ಅತ್ಯಲ್ಪವಾದ ಗೆರೆ ಇರಬಹುದು" ಎಂದಿತ್ತು. ತಂದೆಯು 'ಅತ್ಯಲ್ಪ' ಎಂಬುದನ್ನೂ 'ಇರಬಹುದು' ಎಂಬುದನ್ನೂ ಹೊಡೆದುಹಾಕಿದರು. ಕೊನೆಗೆ ಉಳಿದುದು ಇಷ್ಟು: "ಕವಚದ ಚೀಟಿಯಲ್ಲಿ 9 ಎಂದಿದೆ. ಮುಂಬದಿಯ ಎಡಗಡೆಯ ಕೆಳಮೂಲೆಯಲ್ಲಿ ಕಾಲು ಅಂಗುಲದ ಮಡಿಕೆಯ ಗೆರೆ ಇದೆ; ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ, ಮೂರನೆಯ ಚಿತ್ರವನ್ನು ನೋಡಿ. ಈ ಅಂಕಕ್ಕೆ ಇದು ತಕ್ಕುದಲ್ಲವೆಂದು ನನ್ನ ಅಭಿಪ್ರಾಯ. ಕವಚದ ಹಿಂಬದಿಯ ಗೀರು ಪ್ಲಾಸ್ಟಿಕ್ಕಿನದು. ಬಂದ ಮೇಲೆ ಒಪ್ಪಿಗೆಯಾಗದಿದ್ದರೆ 14 ದಿನಗಳೊಳಗೆ ಹಿಂದಿರುಗಿಸಬಹುದು. ಅಂಚೆಯ ವೆಚ್ಚ ನನ್ನದು." ಪತ್ರ ಬರೆಯುವ ಹೊತ್ತಿಗೆ ಒಬ್ಬನು ನೂರ ಎಂಬತ್ತು ಡಾಲರು ಕೇಳಿದ್ದನಂತೆ.